ಅನ್ಯಭಾಷಾಪರೀಕ್ಷೆ: ತುಂಗಭದ್ರೆಯ ಎರಡು ದಡಗಳಲ್ಲಿ ಇಂಗ್ಲಿಷು ಕಲಿತವರ ಯೋಗ್ಯತಾನಿರ್ಣಯ

೧

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯು ತುಂಗಭದ್ರೆಯ ಉತ್ತರತೀರದಲ್ಲಿ, ಆನೆಗೊಂದಿಗೂ ಅಂಜನಾದ್ರಿಗೂ ಸಮೀಪದಲ್ಲಿರುವ ಗ್ರಾಮವು. ಹೊಳೆಯ ಆಚೆಯ ಕಡೆಗೆ ಹಂಪೆಯಿದೆ. ಈ ಬಂಡೆಗಲ್ಲಿನ ಸೀಮೆಯೇ ವಾಲ್ಮೀಕಿಗಳು ವರ್ಣಿಸಿದ ಕಿಷ್ಕಿಂಧೆಯೆಂಬುದು ಪರಂಪರೆಯಿಂದ ಬಂದ ಪ್ರತೀತಿ. ಆ ಪ್ರತೀತಿಯ ಐತಿಹಾಸಿಕತ್ವವು ಇಲ್ಲಿ ಪ್ರಕೃತವಲ್ಲ. ಕಿಷ್ಕಿಂಧಾಕಾಂಡದ ಮೂರನೆಯ ಸರ್ಗದಲ್ಲಿ ಬರುವ ಒಂದು ಸಂದರ್ಭವು ಮಾತ್ರ ಈ ವಿಚಾರಕ್ಕೆ ಅತ್ಯಂತ ಉಪಯುಕ್ತವಾದುದಾಗಿದೆ.

ಸುಗ್ರೀವನಿಂದ ಕಳುಹಿಸಲ್ಪಟ್ಟ ಹನುಮಂತನು ಭಿಕ್ಷುರೂಪದಿಂದ ಬಂದು ರಾಮಲಕ್ಷ್ಮಣರನ್ನು ಮಾತನಾಡಿಸುತ್ತಾನೆ. ಅವನ ಮಾತು ಮುಗಿದ ಮೇಲೆ ರಾಮನು ಲಕ್ಷ್ಮಣನಿಗೆ ಆ ಮಾತಿನ ಗುಣವನ್ನು ವಿವರಿಸುತ್ತಾನೆ. ಇವನು ಮೂರು ವೇದಗಳನ್ನೂ ಬಲ್ಲವನಾಗಿರಬೇಕು. ವ್ಯಾಕರಣವನ್ನು ಸಮಗ್ರವಾಗಿ ಅಭ್ಯಾಸಮಾಡಿರಬೇಕು. ಇಷ್ಟು ಮಾತನಾಡಿದರೂ ಒಂದು ಅಪಶಬ್ದವೂ ಬರಲಿಲ್ಲ. ಮುಖ, ಕಣ್ಣು, ಹಣೆ, ಹುಬ್ಬುಗಳಲ್ಲಿ ಯಾವ ವಿಕಾರವೂ ತೋರಲಿಲ್ಲ. ಮಾತು ಅತಿವಿಸ್ತಾರವಲ್ಲ, ಸಂದಿಗ್ಧವಲ್ಲ, ತಡವರಿಕೆಯಿಲ್ಲ, ಅವಸರವಿಲ್ಲ. ಧ್ವನಿಯು ಎದೆಯಿಂದ ಹೊರಟು ಕಂಠದಲ್ಲಿ ಹಾದು ಮಧ್ಯಮಸ್ವರದಲ್ಲಿ ನಿಂತಿದೆ ಎಂಬುದು ಆ ವಿವರಣೆಯ ತಾತ್ಪರ್ಯ. ಇದು ಕೇವಲ ಪ್ರಶಂಸೆಯಲ್ಲ. ಶಬ್ದಶುದ್ಧಿ, ಅರ್ಥಸ್ಪಷ್ಟತೆ, ಗತಿ, ಸ್ವರ, ಮುಖಚೇಷ್ಟೆ ಎಂದು ಮಾತಿನ ಯೋಗ್ಯತೆಯನ್ನು ಅಂಗಾಂಗವಾಗಿ ವಿಂಗಡಿಸಿ ಮಾಡಿದ ಪರೀಕ್ಷೆಯೇ ಆಗಿದೆ. ಸುಂದರಕಾಂಡದಲ್ಲಿ ಅದೇ ಹನುಮಂತನು ಅಶೋಕವನದ ಮರದ ಮೇಲೆ ಕುಳಿತು, ಸೀತೆಯೊಡನೆ ಯಾವ ಭಾಷೆಯಲ್ಲಿ ಮಾತನಾಡಿದರೆ ಅವಳು ಹೆದರದೆ ಅರ್ಥಮಾಡಿಕೊಂಡಾಳು ಎಂದು ಆಲೋಚಿಸುತ್ತಾನೆ. ಮೊದಲನೆಯದು ಮಾತಿನ ಶುದ್ಧಿಯ ಪರೀಕ್ಷೆ. ಎರಡನೆಯದು ಮಾತಿನ ಔಚಿತ್ಯದ ಪರೀಕ್ಷೆ. ಅನ್ಯಭಾಷೆಯನ್ನು ಕಲಿತವನ ಯೋಗ್ಯತೆಯನ್ನು ಅಳೆಯುವವರು ಯಾವ ಕಾಲದಲ್ಲಿಯೂ ಎದುರಿಸಬೇಕಾದ ಪ್ರಶ್ನೆಗಳು ಈ ಎರಡೇ. ಇಂಗ್ಲಿಷು ಈ ನಾಡಿಗೆ ಬಂದ ಮೇಲೆ ಇವೆರಡರ ಗತಿ ಏನಾಯಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಇಂಗ್ಲಿಷು ಬರುವುದಕ್ಕೆ ಮೊದಲು ಈ ದೇಶದಲ್ಲಿ ಪರೀಕ್ಷೆಯೇ ಇರಲಿಲ್ಲವೆಂದು ಕೆಲವರು ಹೇಳುವುದುಂಟು. ಇದು ಸಾಧುವಲ್ಲ. ಉಜ್ಜಯಿನಿಯಲ್ಲಿ ಕವಿಗಳಿಗೂ ಪಾಟಲೀಪುತ್ರದಲ್ಲಿ ಶಾಸ್ತ್ರಕಾರರಿಗೂ ಪರೀಕ್ಷೆಯು ನಡೆಯುತ್ತಿತ್ತೆಂಬ ಐತಿಹ್ಯವನ್ನು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ದಾಖಲಿಸಿದ್ದಾನೆ. ನಾಲಂದೆಯ ದ್ವಾರಪಂಡಿತರು ಕೇಳುವ ಕಠಿನಪ್ರಶ್ನೆಗಳಿಗೆ ಉತ್ತರಿಸಲಾರದೆ ಹತ್ತರಲ್ಲಿ ಏಳೆಂಟು ಮಂದಿ ಹಿಂತಿರುಗುತ್ತಿದ್ದರೆಂದು ಏಳನೆಯ ಶತಮಾನದಲ್ಲಿ ಬಂದ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಬರೆದಿದ್ದಾನೆ. ಮಿಥಿಲೆಯ ಶಲಾಕಾಪರೀಕ್ಷೆಯೂ ಪ್ರಸಿದ್ಧವಾದುದು: ತಾಳೆಯ ಗರಿಗಳ ಕಟ್ಟಿನಲ್ಲಿ ಕಡ್ಡಿಯನ್ನು ಚುಚ್ಚಿ, ಅದು ತಾಗಿದ ಗರಿಯಲ್ಲಿರುವ ವಿಷಯವನ್ನು ವಿದ್ಯಾರ್ಥಿಯು ವಿವರಿಸಬೇಕು. ಉಚ್ಚಾರಣೆಯ ವಿಷಯದಲ್ಲಿಯಂತೂ ಪಾಣಿನೀಯಶಿಕ್ಷೆಯು ಓದುವವನ ಆರು ಗುಣಗಳನ್ನೂ ಆರು ದೋಷಗಳನ್ನೂ ಎಣಿಸಿದೆ. ರಾಗವೆಳೆಯುವುದು, ವೇಗವಾಗಿ ಓದುವುದು, ತಲೆಯಾಡಿಸುವುದು, ಬರಹವನ್ನು ನೋಡಿಯೇ ಓದುವುದು, ಕಂಠವು ಕ್ಷೀಣವಾಗಿರುವುದು ಇವುಗಳೊಡನೆ ಅರ್ಥವನ್ನರಿಯದೆ ಓದುವುದೂ ಒಂದು ದೋಷವೆಂದು ಅಲ್ಲಿ ಹೇಳಿರುವುದು ಗಮನಾರ್ಹವಾಗಿದೆ.

ಈ ಪದ್ಧತಿಗಳಿಗೆ ಸಾಮಾನ್ಯವಾದ ಲಕ್ಷಣಗಳು ಮೂರು. ಪರೀಕ್ಷಕನು ವಿದ್ಯಾರ್ಥಿಯ ಎದುರಿನಲ್ಲಿಯೇ ಇರುತ್ತಾನೆ. ಉತ್ತರವು ಅಸ್ಪಷ್ಟವಾದರೆ ಮರುಪ್ರಶ್ನೆ ಕೇಳಲು ಅವಕಾಶವಿರುತ್ತದೆ. ನಿರ್ಣಯವು ಅಂಕರೂಪವಾಗಿರದೆ ವಾಕ್ಯರೂಪವಾಗಿರುತ್ತದೆ. ಗುಣಗಳನ್ನು ಹೇಳಿದ ಮೇಲೆ ದೋಷವನ್ನು ಮರೆಮಾಡುವುದು ನ್ಯಾಯವಲ್ಲ. ಅಧ್ಯಯನದ ಬಾಗಿಲು ಕೆಲವರಿಗೆ ಮಾತ್ರ ತೆರೆದಿತ್ತು. ಸ್ತ್ರೀಯರಿಗೂ ಬಹುಜನಕ್ಕೂ ಮುಚ್ಚಿತ್ತು. ಪರೀಕ್ಷಕನ ಪಕ್ಷಪಾತಕ್ಕೆ ಮೇಲ್ಮನವಿಯಿರಲಿಲ್ಲ. ಮುಖವನ್ನು ನೋಡಿ ಮಾಡುವ ಪರೀಕ್ಷೆಯಲ್ಲಿ ಕುಲವನ್ನು ನೋಡಿ ಮಾಡುವ ನಿರ್ಣಯವೂ ನುಸುಳಬಹುದಾಗಿತ್ತು. ಹೆಸರಿಲ್ಲದ, ಸಂಖ್ಯೆಯನ್ನು ಮಾತ್ರ ಬರೆದ ಉತ್ತರಪತ್ರಿಕೆಯು ಮುಂದೆ ಜನರ ವಿಶ್ವಾಸವನ್ನು ಗಳಿಸಿದುದಕ್ಕೆ ಈ ದೋಷವೇ ಒಂದು ಕಾರಣವೆಂದು ಒಪ್ಪಬೇಕಾಗುತ್ತದೆ.

೩

ಮೆಕಾಲೆಯ ಟಿಪ್ಪಣಿಯೂ ಬೆಂಟಿಂಕನ ನಿರ್ಣಯವೂ ೧೮೩೫ ರಲ್ಲಿ ಹೊರಬಿದ್ದವು. ೧೮೪೪ ರಲ್ಲಿ ಹಾರ್ಡಿಂಜನು ಇಂಗ್ಲಿಷು ಕಲಿತವರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಪ್ರಾಶಸ್ತ್ಯವಿರಬೇಕೆಂದು ವಿಧಿಸಿದನು. ಆಗ ಇಂಗ್ಲಿಷು ವಿದ್ಯೆಯಾಗಿದ್ದುದು ವೃತ್ತಿಯ ಹೆಬ್ಬಾಗಿಲೂ ಆಯಿತು. ಆ ಬಾಗಿಲಿಗೆ ದ್ವಾರಪಂಡಿತನ ಸ್ಥಾನದಲ್ಲಿ ಪರೀಕ್ಷೆಯು ನಿಂತಿತು. ೧೮೫೪ ರ ವುಡ್ಡನ ಶಿಕ್ಷಣಪತ್ರವನ್ನು ಅನುಸರಿಸಿ ೧೮೫೭ ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಇವು ಆರಂಭದಲ್ಲಿ ಪಾಠ ಹೇಳುವ ಸಂಸ್ಥೆಗಳಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು. ಕಲಿಸುವವನೇ ಅಳೆಯುವವನೂ ಆಗಿದ್ದ ಸ್ಥಿತಿಯು ಇಲ್ಲಿ ಕೊನೆಗೊಂಡಿತು. ಕಲಿಸುವವನು ಊರಿನ ಶಾಲೆಯಲ್ಲಿ, ಅಳೆಯುವವನು ದೂರದ ಪಟ್ಟಣದಲ್ಲಿ ಎಂಬ ವ್ಯವಸ್ಥೆಯು ನೆಲೆಗೊಂಡಿತು.

ಈ ಅಗಲಿಕೆಯು ಕೆಳಗಿನ ತರಗತಿಗಳಿಗೂ ಇಳಿದು ಬಂದ ಬಗೆಯು ವಿಚಾರಣೀಯವಾಗಿದೆ. ಶಾಲೆಗೆ ಕೊಡುವ ಸಹಾಯಧನವು ಮಕ್ಕಳು ತನಿಖೆಯಲ್ಲಿ ತೇರ್ಗಡೆಯಾದುದನ್ನು ಅವಲಂಬಿಸಿರಬೇಕೆಂಬ ನಿಯಮವನ್ನು ೧೮೬೨ ರಲ್ಲಿ ರಾಬರ್ಟ್ ಲೋ ಎಂಬಾತನು ಇಂಗ್ಲೆಂಡಿನಲ್ಲಿ ಜಾರಿಗೆ ತಂದನು. ಫಲಾನುಸಾರವಾದ ಈ ಸಹಾಯಧನದ ಪದ್ಧತಿಯು ಅನಂತರ ಮದರಾಸು ಮತ್ತು ಮುಂಬಯಿ ಆಧಿಪತ್ಯಗಳಿಗೂ ಬಂದಿತು. ಇನ್‌ಸ್ಪೆಕ್ಟರು ಬರುವ ದಿನವೇ ಉಪಾಧ್ಯಾಯನ ಸುಗ್ಗಿಯ ದಿನ. ಓದು, ಬರಹ, ಉಕ್ತಲೇಖನ, ಇವುಗಳಲ್ಲಿ ತೇರ್ಗಡೆಯಾದ ಒಂದೊಂದು ಮಗುವಿಗೂ ಇಂತಿಷ್ಟು ಹಣ. ಇಂತಹ ಸಂದರ್ಭದಲ್ಲಿ ಉಪಾಧ್ಯಾಯನು ಮಗುವಿಗೆ ಬಾರದುದನ್ನು ಹುಡುಕಿ ಸರಿಪಡಿಸುವುದಕ್ಕಿಂತ, ತನಿಖೆಯಲ್ಲಿ ಕೇಳುವುದನ್ನು ಬಾಯಿಪಾಠ ಮಾಡಿಸುವುದು ಸ್ವಾಭಾವಿಕವೇ ಆಗಿದೆ. ೧೮೮೨ ರ ಹಂಟರ್ ಆಯೋಗವು ಈ ಪದ್ಧತಿಯನ್ನು ಚರ್ಚಿಸಿತು. ೧೯೦೪ ರ ಶಿಕ್ಷಣನಿರ್ಣಯವು ಅದನ್ನು ತ್ಯಜಿಸುವ ಪಕ್ಷವನ್ನು ವಹಿಸಿತು. ನಿಯಮವು ಹೋಯಿತಾದರೂ ಅದು ಬೆಳೆಸಿದ ಅಭ್ಯಾಸವು ಹೋಗಲಿಲ್ಲ. ಪಠ್ಯದ ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿಸುವ ಗೈಡುಪುಸ್ತಕಗಳು ಆ ಅಭ್ಯಾಸದ ಸಂತಾನವೇ ಸರಿ.

೪

ಹನುಮನಹಳ್ಳಿಯ ಸ್ಥಿತಿಯನ್ನು ನೋಡುವಾಗ ತುಂಗಭದ್ರೆಯು ಕೇವಲ ಹೊಳೆಯಾಗಿರದೆ ಎರಡು ರಾಜ್ಯಗಳ ಗಡಿಯೂ ಆಗಿತ್ತೆಂಬುದನ್ನು ನೆನೆಯಬೇಕು. ೧೮೦೦ ರಲ್ಲಿ ದತ್ತಮಂಡಲಗಳು ಇಂಗ್ಲಿಷರ ವಶವಾದ ಮೇಲೆ ದಕ್ಷಿಣತೀರದ ಹಂಪೆ, ಹೊಸಪೇಟೆಗಳು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದವು. ಉತ್ತರತೀರದ ಆನೆಗೊಂದಿ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳು ನಿಜಾಮರ ರಾಜ್ಯದಲ್ಲಿದ್ದವು; ಕೊಪ್ಪಳವು ಸಾಲಾರ್‌ಜಂಗರ ಜಹಗೀರಾಗಿತ್ತು. ಹರಿಗೋಲಿನಲ್ಲಿ ಸ್ವಲ್ಪ ಹೊತ್ತಿನಲ್ಲಿ ದಾಟಬಹುದಾದ ಹೊಳೆಯ ಎರಡು ದಡಗಳಲ್ಲಿ ಮಕ್ಕಳ ಮನೆಮಾತು ಕನ್ನಡವೊಂದೇ ಆಗಿದ್ದರೂ, ಅವರ ಇಂಗ್ಲಿಷನ್ನು ಅಳೆಯುವ ಕೋಲುಗಳು ಬೇರೆ ಬೇರೆಯಾಗಿದ್ದವು.

ದಕ್ಷಿಣತೀರದವರಿಗೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ವಾರ್ಡ್‌ಲಾ ಶಾಲೆಯೇ ಮೊದಲಾದ ಇಂಗ್ಲಿಷು ಶಾಲೆಗಳಿದ್ದವು. ಮದರಾಸಿನ ಮೆಟ್ರಿಕ್ಯುಲೇಷನ್ ಅವರ ಗುರಿ. ಪ್ರೌಢಶಾಲೆಗಳಲ್ಲಿ ಬಹುಕಾಲ ಇಂಗ್ಲಿಷೇ ಮಾಧ್ಯಮವಾಗಿದ್ದುದರಿಂದ ಚರಿತ್ರೆ, ಭೂಗೋಳಗಳ ಉತ್ತರವನ್ನೂ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿತ್ತು. ಆದಕಾರಣ ಅಲ್ಲಿ ಪ್ರತಿಯೊಂದು ಪರೀಕ್ಷೆಯೂ ಗುಪ್ತವಾಗಿ ಇಂಗ್ಲಿಷಿನ ಪರೀಕ್ಷೆಯೇ ಆಗಿತ್ತು. ಚರಿತ್ರೆಯನ್ನು ಬಲ್ಲ ಹುಡುಗನು ಇಂಗ್ಲಿಷು ಬಾರದೆ ಚರಿತ್ರೆಯಲ್ಲಿ ಅನುತ್ತೀರ್ಣನಾಗುವುದು ಆಶ್ಚರ್ಯವಲ್ಲ. ಆ ಆಧಿಪತ್ಯದಲ್ಲಿ ೧೯೧೧ ರಿಂದ ಮೆಟ್ರಿಕ್ಯುಲೇಷನ್ನಿನ ಸ್ಥಾನಕ್ಕೆ ಎಸ್.ಎಸ್.ಎಲ್.ಸಿ. ಬಂದಾಗ ಒಂದು ಒಳ್ಳೆಯ ಆಲೋಚನೆಯೂ ಅದರೊಡನೆ ಬಂದಿತು: ಸಾರ್ವಜನಿಕ ಪರೀಕ್ಷೆಯ ಅಂಕಗಳೊಡನೆ ಶಾಲೆಯಲ್ಲಿ ಗಳಿಸಿದ ಅಂಕಗಳನ್ನೂ ಪ್ರಮಾಣಪತ್ರದಲ್ಲಿ ದಾಖಲಿಸುವುದು. ಅಗಲಿದ್ದ ಇಬ್ಬರನ್ನು, ಎಂದರೆ ಕಲಿಸುವವನನ್ನೂ ಅಳೆಯುವವನನ್ನೂ, ಒಂದೇ ಪತ್ರದಲ್ಲಿ ಕೂಡಿಸುವ ಪ್ರಯತ್ನವಿದು.

ಉತ್ತರತೀರದ ಕಥೆಯು ಬೇರೆ. ೧೮೮೭ ರಲ್ಲಿ ಆರಂಭವಾದ ಹೈದರಾಬಾದಿನ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತಾದುದರಿಂದ ಅಲ್ಲಿನ ಉಚ್ಚಶಿಕ್ಷಣಕ್ಕೂ ಮೊದಲು ಮದರಾಸಿನ ಅಳತೆಯೇ ಅಳತೆ. ೧೯೧೮ ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಉರ್ದುವು ಶಿಕ್ಷಣಮಾಧ್ಯಮವಾಯಿತು. ಇಂಗ್ಲಿಷು ಎಲ್ಲರೂ ಕಲಿಯಲೇಬೇಕಾದ ಒಂದು ಭಾಷೆಯಾಗಿ ಉಳಿಯಿತು. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಟ್ಟುದು ಸಾಹಸದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಇಂಗ್ಲಿಷನ್ನು ಇಂಗ್ಲಿಷಿನ ಪತ್ರಿಕೆಯಲ್ಲಿ ಮಾತ್ರ ಅಳೆಯುವುದೆಂಬ ವಿವೇಕವೂ ಅದರಲ್ಲಿದ್ದಿತು. ಆದರೆ ಗಂಗಾವತಿಯ ಸೀಮೆಯ ಕನ್ನಡದ ಮಗುವಿಗೆ ಉರ್ದುವೂ ಪರಭಾಷೆಯೇ. ದಕ್ಷಿಣತೀರದವನು ಒಂದು ಹೊಳೆಯನ್ನು ದಾಟಿದರೆ ಇವನು ಎರಡನ್ನು ದಾಟಬೇಕಾಗಿತ್ತು. ಕಲಬುರ್ಗಿಯ ನೂತನ ವಿದ್ಯಾಲಯ, ಯಲಬುರ್ಗಿ ಸೀಮೆಯ ಕುಕನೂರಿನ ವಿದ್ಯಾನಂದ ಗುರುಕುಲ ಮುಂತಾದ ಸಂಸ್ಥೆಗಳು ಆ ಕಾಲದಲ್ಲಿ ಪಟ್ಟ ಶ್ರಮದ ಬೆಲೆಯನ್ನು ಈ ಹಿನ್ನೆಲೆಯಲ್ಲಿಯೇ ಕಟ್ಟಬೇಕು. ಎರಡು ದಡಗಳಲ್ಲಿಯೂ ಸಮಾನವಾಗಿದ್ದುದು ಒಂದು ಸಂಗತಿ: ಮಗುವು ತನ್ನ ಮಾತಿನಲ್ಲಿ ಏನನ್ನು ಬಲ್ಲುದೆಂದು ಯಾರೂ ಕೇಳಲಿಲ್ಲ.

೫

ಅಂಕವೆಂಬುದು ಎಷ್ಟು ವಿಶ್ವಾಸಾರ್ಹವೆಂಬ ಪ್ರಶ್ನೆಯು ಇಂಗ್ಲೆಂಡಿನಲ್ಲಿಯೇ ಹುಟ್ಟಿತು. ೧೮೮೮ ರಲ್ಲಿ ಎಡ್ಜ್‌ವರ್ತರು ಪರೀಕ್ಷೆಗಳ ಸಂಖ್ಯಾಶಾಸ್ತ್ರವನ್ನು ಕುರಿತು ಬರೆದು, ಪರೀಕ್ಷಕರ ಭೇದದಿಂದ ಫಲದಲ್ಲಿ ಆಕಸ್ಮಿಕವು ಎಷ್ಟು ಬೆರೆತಿರುವುದೆಂದು ತೋರಿಸಿದರು. ೧೯೩೫ ರಲ್ಲಿ ಫಿಲಿಪ್ ಹಾರ್ಟಗ್ ಮತ್ತು ರೋಡ್ಸ್ ಎಂಬವರು ಪ್ರಕಟಿಸಿದ ಶೋಧನೆಯು ಇನ್ನೂ ಕಟುವಾದುದು. ಚರಿತ್ರೆಯ ಹದಿನೈದು ಉತ್ತರಪತ್ರಿಕೆಗಳನ್ನು ಹದಿನಾಲ್ಕು ಪರೀಕ್ಷಕರಿಗೆ ಕೊಟ್ಟು, ಒಂದು ವರ್ಷಕ್ಕೂ ಮಿಕ್ಕ ಅವಧಿಯ ಮೇಲೆ ಅವೇ ಪತ್ರಿಕೆಗಳನ್ನು ಅವರಿಗೇ ಮತ್ತೆ ಕೊಡಲಾಯಿತು. ಒಟ್ಟು ೨೧೦ ನಿರ್ಣಯಗಳಲ್ಲಿ ೯೨ ಬದಲಾದವು. ಬೇರೆಯವರೊಡನೆ ಇರಲಿ, ಪರೀಕ್ಷಕನು ತನ್ನೊಡನೆಯೇ ಒಮ್ಮತವಾಗಲಿಲ್ಲ. ಈ ಹಾರ್ಟಗ್ಗರು ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗದ ಸದಸ್ಯರಾಗಿದ್ದವರು; ೧೯೨೯ ರಲ್ಲಿ ಭಾರತದ ಶಿಕ್ಷಣವನ್ನು ಕುರಿತ ಸಮಿತಿಯ ಅಧ್ಯಕ್ಷರಾಗಿದ್ದವರು. ಈ ದೇಶದ ಪರೀಕ್ಷೆಗಳನ್ನು ಕಣ್ಣಾರೆ ಕಂಡವರೇ ಪರೀಕ್ಷೆಯನ್ನು ಪರೀಕ್ಷಿಸಿದರೆಂಬುದು ಸ್ಮರಣೀಯ.

ಪರದೇಶೀಯರ ಇಂಗ್ಲಿಷನ್ನು ಅಳೆಯುವುದಕ್ಕಾಗಿಯೇ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ೧೯೧೩ ರಲ್ಲಿ ಒಂದು ಪರೀಕ್ಷೆಯನ್ನು ಆರಂಭಿಸಿತು. ಅದರಲ್ಲಿ ಭಾಷಾಂತರ, ವ್ಯಾಕರಣ, ಪ್ರಬಂಧಗಳ ಜೊತೆಗೆ ಧ್ವನಿಶಾಸ್ತ್ರ, ಉಕ್ತಲೇಖನ, ಗಟ್ಟಿಯಾಗಿ ಓದುವುದು, ಸಂಭಾಷಣೆ ಇವೂ ಸೇರಿದ್ದವು. ಮೊದಲನೆಯ ಸಲ ಕುಳಿತವರು ಮೂವರು, ಮೂವರೂ ಅನುತ್ತೀರ್ಣರಾದರು. ಆ ಪರೀಕ್ಷೆಯು ಕಠಿನವಾದುದಾದರೂ ಕಲಿತವನ ಬಾಯಿಂದ ಮಾತನ್ನು ಕೇಳಿತು. ಭಾರತದಲ್ಲಿಯೋ, ಸಾವಿರಾರು ಮಂದಿಯನ್ನು ಒಟ್ಟಿಗೆ ಅಳೆಯಬೇಕಾಗಿ ಬಂದುದರಿಂದ ಕ್ರಮೇಣ ಲೇಖನಿಯೊಂದೇ ಪ್ರಮಾಣವಾಯಿತು. ಜೀವಂತಭಾಷೆಯನ್ನು ಮೃತಭಾಷೆಯಂತೆ ಅಳೆಯುವ ವಾಡಿಕೆಯು ಬೇರೂರಿತು. ಸಂಸ್ಕೃತವನ್ನು ಕಿವಿಯಿಂದ ಅಳೆದ ನಾಡು ಇಂಗ್ಲಿಷನ್ನು ಕಣ್ಣಿನಿಂದ ಮಾತ್ರ ಅಳೆಯಿತೆಂಬುದು ವಿಪರ್ಯಾಸವಲ್ಲವೇ?

೬

೧೯೪೮ ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೩ ರಲ್ಲಿ ಬಳ್ಳಾರಿಯೂ ೧೯೫೬ ರಲ್ಲಿ ರಾಯಚೂರು ಜಿಲ್ಲೆಯೂ ಮೈಸೂರು ರಾಜ್ಯಕ್ಕೆ ಸೇರಿ, ತುಂಗಭದ್ರೆಯ ಎರಡು ದಡಗಳೂ ಒಂದೇ ಆಡಳಿತಕ್ಕೆ ಬಂದವು, ಅಳತೆಗೋಲೂ ಒಂದಾಯಿತು. ಉರ್ದುವಿನ ಹೊಳೆಯು ಬತ್ತಿ, ಕನ್ನಡದಿಂದಲೇ ಇಂಗ್ಲಿಷಿಗೆ ಹೋಗುವ ದಾರಿಯು ತೆರೆಯಿತು. ೧೯೮೧ ರಲ್ಲಿ ವಿನಾಯಕ ಕೃಷ್ಣ ಗೋಕಾಕರ ಸಮಿತಿಯು ವರದಿಯನ್ನೊಪ್ಪಿಸಿದ ಮೇಲೆ ನಾಡಿನಲ್ಲೆಲ್ಲ ನಡೆದ ಚಳವಳಿಯಲ್ಲಿ, ಯಾವ ಭಾಷೆಗೆ ಎಷ್ಟು ಅಂಕವೆಂಬುದೇ ಭಾಷೆಯ ಮಾನದ ಪ್ರಶ್ನೆಯಾಯಿತು. ಗೋಕಾಕರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. ಹೈದರಾಬಾದಿನ ಕೇಂದ್ರ ಇಂಗ್ಲಿಷು ಸಂಸ್ಥೆಯ ನಿರ್ದೇಶಕರಾಗಿದ್ದವರು. ಇಂಗ್ಲಿಷಿನ ಬೆಲೆಯನ್ನು ಬಲ್ಲವರೇ ಕನ್ನಡದ ಸ್ಥಾನವನ್ನು ಎತ್ತಿ ಹಿಡಿದುದರಿಂದ ಆ ವರದಿಗೆ ವಿಶೇಷವಾದ ತೂಕ ಬಂದಿತು.

ಕಲಿಸುವ ವಿಧಾನವು ಬದಲಾದರೆ ಅಳೆಯುವ ವಿಧಾನವೂ ಬದಲಾಗಬೇಕೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ೧೯೬೩ ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣಭಾರತದ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯು ಸ್ಥಾಪಿತವಾಯಿತು. ೧೯೭೯ ರಿಂದ ೧೯೮೪ ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮುಂತಾದ ಕಡೆಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವು ನಡೆಯಿತು. ವ್ಯಾಕರಣದ ನಿಯಮಗಳನ್ನು ಒಂದಾದ ಮೇಲೊಂದು ಅಭ್ಯಾಸಮಾಡಿಸದೆ, ರೈಲಿನ ವೇಳಾಪಟ್ಟಿಯನ್ನು ಓದುವುದು, ನಕ್ಷೆಯಲ್ಲಿ ದಾರಿ ಹುಡುಕುವುದು ಮುಂತಾದ ಕಾರ್ಯಗಳನ್ನು ಇಂಗ್ಲಿಷಿನಲ್ಲಿ ಮಾಡಿಸಿದರೆ ಭಾಷೆಯು ತಾನಾಗಿ ನೆಲೆಗೊಳ್ಳುವುದೆಂಬುದು ಆ ಪ್ರಯೋಗದ ತತ್ತ್ವ. ಇದರ ಫಲವನ್ನು ಅಳೆಯಲು ಎಡಿನ್‌ಬರೋದ ಅಲನ್ ಬೆರೆಟಾ, ಅಲನ್ ಡೇವೀಸ್ ಎಂಬ ವಿದ್ವಾಂಸರು ತೊಡಗಿದಾಗ ಕಷ್ಟವೊಂದು ಎದುರಾಯಿತು. ವಾಕ್ಯರಚನೆಯ ಪರೀಕ್ಷೆಯನ್ನು ಕೊಟ್ಟರೆ ಹಳೆಯ ಕ್ರಮದಲ್ಲಿ ಕಲಿತವರಿಗೆ ಅನುಕೂಲ. ಕಾರ್ಯದ ಪರೀಕ್ಷೆಯನ್ನು ಕೊಟ್ಟರೆ ಹೊಸಬರಿಗೆ ಅನುಕೂಲ. ಆದುದರಿಂದ ಅವರು ಇವೆರಡನ್ನೂ ಕೊಟ್ಟು, ಅವುಗಳೊಡನೆ ಉಕ್ತಲೇಖನವೇ ಮೊದಲಾದ ತಟಸ್ಥ ಪರೀಕ್ಷೆಗಳನ್ನೂ ಇಟ್ಟರು. ೧೯೮೫ ರಲ್ಲಿ ಪ್ರಕಟವಾದ ಫಲವು ನಿರೀಕ್ಷಿತವೇ ಆಗಿತ್ತು: ಒಂದೊಂದು ಪಕ್ಷವೂ ತನ್ನ ಪರೀಕ್ಷೆಯಲ್ಲಿ ಗೆದ್ದಿತು. ತಟಸ್ಥ ಪರೀಕ್ಷೆಗಳಲ್ಲಿ ಒಟ್ಟಿನ ಮೇಲೆ ಹೊಸಬರದು ಮೇಲುಗೈಯಾಯಿತು.

ಇದರಿಂದ ಸಿದ್ಧವಾಗುವ ಸಂಗತಿಯು ಪ್ರಯೋಗದ ಜಯಾಪಜಯಕ್ಕಿಂತ ಮುಖ್ಯವಾದುದು. ಬಳ್ಳದಿಂದ ಅಳೆದರೆ ಕಾಳು, ಮೊಳದಿಂದ ಅಳೆದರೆ ಬಟ್ಟೆ. ಯಾವುದರಿಂದ ಅಳೆಯಬೇಕೆಂದು ನಿರ್ಧರಿಸಿದೊಡನೆಯೇ ಯಾರು ಜಾಣರು, ಯಾರು ದಡ್ಡರು ಎಂಬುದೂ ಅರ್ಧ ನಿರ್ಧಾರವಾಗಿ ಹೋಗುತ್ತದೆ.

೭

ಕರ್ನಾಟಕದ ಕನ್ನಡ ಶಾಲೆಗಳಲ್ಲಿ ೨೦೦೭ ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ಭಾಷೆಯಾಗಿ ಆರಂಭವಾಯಿತು. ೨೦೦೯ ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಗುವಿನ ಕಲಿಕೆಯನ್ನು ವರ್ಷವಿಡೀ ಸಮಗ್ರವಾಗಿ ಅವಲೋಕಿಸಬೇಕೆಂದು ವಿಧಿಸಿತು. ಹತ್ತನೆಯ ತರಗತಿಯಲ್ಲಿ ದ್ವಿತೀಯಭಾಷೆಯಾಗಿ ಇಂಗ್ಲಿಷನ್ನು ಓದುವವನಿಗೆ ನೂರು ಅಂಕಗಳಲ್ಲಿ ಎಂಬತ್ತು ಲಿಖಿತಪರೀಕ್ಷೆಗೆ, ಇಪ್ಪತ್ತು ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಎಂಬ ಕ್ರಮವು ಬಂದಿದೆ. ಈ ಇಪ್ಪತ್ತು ಅಂಕಗಳು ಚರಿತ್ರೆಯನ್ನು ಬಲ್ಲವರ ದೃಷ್ಟಿಗೆ ಅಲ್ಪವಲ್ಲ. ೧೮೫೭ ರಲ್ಲಿ ಅಗಲಿದವರು ಮತ್ತೆ ಕೂಡುವ ಸ್ಥಳವದು. ಮಗುವಿನ ಮಾತನ್ನು ಕೇಳಿ, ಮರುಪ್ರಶ್ನೆ ಹಾಕಿ, ಅದರ ಯೋಗ್ಯತೆಯನ್ನು ನಿರ್ಣಯಿಸುವ ಅಧಿಕಾರವು ಉಪಾಧ್ಯಾಯನಿಗೆ ಅಷ್ಟರ ಮಟ್ಟಿಗೆ ಹಿಂತಿರುಗಿದೆ. ಆದರೆ ಅಧಿಕಾರವು ಬಂದರೆ ಸಾಲದು, ವಿವೇಕವೂ ಬರಬೇಕು. ಎಲ್ಲರಿಗೂ ಒಂದೇ ಸಮನಾಗಿ ತುಂಬಿಕೊಡುವ ಇಪ್ಪತ್ತು, ಯಾರನ್ನೂ ಅಳೆಯದ ಇಪ್ಪತ್ತೇ ಆಗುತ್ತದೆ. ಶಾಲೆಯ ಫಲಿತಾಂಶವನ್ನು ಜಿಲ್ಲೆಯ ಸ್ಥಾನಮಾನಕ್ಕೆ ಗಂಟುಹಾಕಿದಾಗ ರಾಬರ್ಟ್ ಲೋನ ನಿಯಮವೇ ಬೇರೆ ವೇಷದಿಂದ ಬಂದಂತಾಗುತ್ತದೆ.

ಈ ವಿಚಾರವು ಹನುಮನಹಳ್ಳಿಯ ಸೀಮೆಗೆ ಕೇವಲ ಪಾಂಡಿತ್ಯದ ವಿಷಯವಲ್ಲ. ೧೯೮೬ ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ದೂರದೇಶಗಳ ಪ್ರವಾಸಿಗಳು ಹಂಪೆಗೂ ಆನೆಗೊಂದಿಯ ಕಡೆಗೂ ಬರುತ್ತಾರೆ. ಇಲ್ಲಿ ಇಂಗ್ಲಿಷು ಪುಸ್ತಕದಲ್ಲಿ ಮಾತ್ರ ಇರುವ ಭಾಷೆಯಲ್ಲ. ದಾರಿ ಕೇಳುವವರ ಬಾಯಲ್ಲಿಯೂ ಇದೆ. ಅಂತಹವನಿಗೆ ಬೆಟ್ಟದ ದಾರಿಯನ್ನು ತಪ್ಪಿಲ್ಲದೆ ತಿಳಿಸಬಲ್ಲ ಹುಡುಗನು ಲಿಖಿತಪತ್ರಿಕೆಯಲ್ಲಿ ಕಾಗುಣಿತ ತಪ್ಪಿ ಅನುತ್ತೀರ್ಣನಾಗಬಹುದು. ಪ್ರಬಂಧವನ್ನು ಬಾಯಿಪಾಠ ಮಾಡಿ ಬರೆದು ಉನ್ನತಾಂಕ ಪಡೆದವನು ಅದೇ ದಾರಿಯಲ್ಲಿ ಮೂಕನಾಗಿ ನಿಲ್ಲಬಹುದು. ಇವರಲ್ಲಿ ಇಂಗ್ಲಿಷು ಬಲ್ಲವನು ಯಾರು? ಮೊದಲನೆಯವನಿಗೆ ಲೇಖನವು ಬೇಡವೆಂದು ಹೇಳುವುದು ಅವಿವೇಕ. ಲೇಖನವಿಲ್ಲದೆ ಕಾಲೇಜಿಲ್ಲ, ಉದ್ಯೋಗವಿಲ್ಲ. ಆದರೆ ಅವನಿಗೆ ಭಾಷೆಯೇ ಬಾರದೆಂದು ಹೇಳುವುದು ಅಸತ್ಯ. ಅನುತ್ತೀರ್ಣನೆಂಬ ಒಂದು ಪದದಿಂದ ಶಾಲೆಯನ್ನೇ ಬಿಡುವ ಮಕ್ಕಳಿರುವ ಸೀಮೆಯಲ್ಲಿ ಇಂತಹ ಅಸತ್ಯದ ಫಲವು ಬಹಳ ದೊಡ್ಡದು.

ಲಿಖಿತಪರೀಕ್ಷೆಯು ಕುಲವನ್ನೂ ಮುಖವನ್ನೂ ನೋಡದೆ ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಕೊಟ್ಟಿತು. ಆ ಉಪಕಾರವನ್ನು ಮರೆಯಲಾಗದು. ಹಳೆಯ ವಾಕ್ಪರೀಕ್ಷೆಯು ಮಾತಿನ ಜೀವವನ್ನು ಹಿಡಿಯಿತು, ಅದನ್ನು ಕಳೆದುಕೊಳ್ಳಲಾಗದು. ಮೊದಲನೆಯದರ ನಿಷ್ಪಕ್ಷಪಾತವನ್ನೂ ಎರಡನೆಯದರ ಸೂಕ್ಷ್ಮತೆಯನ್ನೂ ಕೂಡಿಸುವುದೇ ಅನ್ಯಭಾಷೆಯನ್ನು ಬೋಧಿಸುವವರ ಮುಂದಿರುವ ಕೆಲಸ. ಅದಕ್ಕೆ ಮಾತಿನ ಗುಣದೋಷಗಳನ್ನು ಅಂಗಾಂಗವಾಗಿ ಮೊದಲೇ ಬರೆದಿಟ್ಟುಕೊಂಡು, ಎಲ್ಲ ಮಕ್ಕಳನ್ನೂ ಅವೇ ಅಂಗಗಳಿಂದ ಅಳೆದು, ಅಂಕದ ಪಕ್ಕದಲ್ಲಿ ಒಂದು ವಾಕ್ಯವನ್ನೂ ಬರೆಯುವುದು ಯಾವ ಶಾಲೆಯಲ್ಲಿಯಾದರೂ ಸಾಧ್ಯ. ಭಿಕ್ಷುವೇಷದಿಂದ ಬಂದ ಅಪರಿಚಿತನ ಊರು ಕುಲಗಳನ್ನು ಕೇಳುವುದಕ್ಕೆ ಮೊದಲೇ ರಾಮನು ಅವನ ಮಾತನ್ನು ಪೂರ್ತಿಯಾಗಿ ಕೇಳಿದನು. ಕೇಳಿದ ಮೇಲೆ ಗುಣವನ್ನು ವಿಂಗಡಿಸಿ ಹೇಳಿದನು. ಕಿಷ್ಕಿಂಧೆಯೆಂದು ಹೆಸರಾದ ಸೀಮೆಯ ಮಕ್ಕಳಿಗೆ ಅಷ್ಟು ಕೇಳುವಿಕೆಯಾದರೂ ಸಲ್ಲಬೇಕಾದುದು ನ್ಯಾಯವಾಗಿದೆ.